ವಿಪರೀತ ದಾಹ, ಸುಸ್ತು, ಮಸುಕು ನೋಟ: ಇದು ಶುಗರ್ ಇರಬಹುದಾ? ವಿಜಯವಾಡ, ವಿಶಾಖಪಟ್ಟಣದಲ್ಲಿರುವ ಕನ್ನಡಿಗರು ಖಚಿತ ಉತ್ತರ ಪಡೆಯುವುದು ಹೇಗೆ?

ವಿಜಯವಾಡದ ಮೇ ತಿಂಗಳ ಬಿಸಿಲು ಹೇಗಿರುತ್ತದೆ ಎಂಬುದು ಅಲ್ಲಿ ಒಂದು ಬೇಸಿಗೆ ಕಳೆದವರಿಗೆ ಗೊತ್ತು. ಉಷ್ಣಾಂಶ 40 ಡಿಗ್ರಿ ದಾಟುವುದು ಮಾಮೂಲು. ಹೀಗೊಂದು ಸನ್ನಿವೇಶ ಊಹಿಸಿಕೊಳ್ಳಿ. ಬಳ್ಳಾರಿ ಕಡೆಯ 42 ವರ್ಷದ ವ್ಯಕ್ತಿಯೊಬ್ಬರು ವಿಜಯವಾಡದ ಆಟೋನಗರದಲ್ಲಿ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಎರಡು ತಿಂಗಳಿಂದ ಎಷ್ಟು ನೀರು ಕುಡಿದರೂ ದಾಹ ತೀರುತ್ತಿಲ್ಲ. ರಾತ್ರಿ ನಾಲ್ಕು ಬಾರಿ ಎದ್ದು ಮೂತ್ರಕ್ಕೆ ಹೋಗಬೇಕು. ಪ್ಯಾಂಟ್ ಸಡಿಲವಾಗಿದೆ. ‘ಬಿಸಿಲು ಕಣಪ್ಪ, ಎಲ್ಲರಿಗೂ ಹಾಗೇ ಆಗುತ್ತೆ’ ಎನ್ನುತ್ತಾರೆ ಜೊತೆಯವರು. ಅವರೂ ಹಾಗೇ ಅಂದುಕೊಂಡು ದಿನಕ್ಕೆರಡು ಲೋಟ ಕಬ್ಬಿನ ಹಾಲು ಕುಡಿಯುತ್ತಿದ್ದಾರೆ.

ಅಲ್ಲಿಂದ ಸುಮಾರು 350 ಕಿ.ಮೀ. ದೂರದ ವಿಶಾಖಪಟ್ಟಣದಲ್ಲಿ ಇನ್ನೊಂದು ಸನ್ನಿವೇಶ. ಗಾಜುವಾಕದಲ್ಲಿ ನೆಲೆಸಿರುವ 36 ವರ್ಷದ ಗೃಹಿಣಿ. ಗಂಡನ ಕೆಲಸಕ್ಕಾಗಿ ರಾಯಚೂರಿನಿಂದ ಬಂದವರು. ದಾಹವೂ ಇಲ್ಲ, ತೂಕವೂ ಇಳಿದಿಲ್ಲ. ಆದರೆ ವರ್ಷದಲ್ಲಿ ಮೂರು ಬಾರಿ ಮೂತ್ರದ ಸೋಂಕು, ಮಧ್ಯಾಹ್ನವಾದರೆ ಸುಸ್ತು. ಎಂಟು ವರ್ಷದ ಹಿಂದೆ ಬಸುರಿಯಾಗಿದ್ದಾಗ ‘ಸ್ವಲ್ಪ ಶುಗರ್ ಇದೆ’ ಎಂದಿದ್ದರು. ಹೆರಿಗೆಯ ನಂತರ ಅದನ್ನು ಯಾರೂ ಕೇಳಲಿಲ್ಲ, ಅವರೂ ಮರೆತರು.

ಇಬ್ಬರಲ್ಲೂ ಒಂದೇ ಪ್ರಶ್ನೆ: ‘ನನಗೂ ಶುಗರ್ ಬಂದಿದೆಯಾ?’ ಇಬ್ಬರೂ ಉತ್ತರ ಹುಡುಕುತ್ತಿರುವುದು ಮೊಬೈಲ್‌ನಲ್ಲಿ, ಅಕ್ಕಪಕ್ಕದವರ ಮಾತಿನಲ್ಲಿ. ಇಬ್ಬರೂ ಪರೀಕ್ಷೆ ಮಾಡಿಸಿಕೊಂಡಿಲ್ಲ.

ಸನ್ನಿವೇಶಗಳು ಕಾಲ್ಪನಿಕ. ಆದರೆ ಸಮಸ್ಯೆ ನಿಜ. ಮಧುಮೇಹದ ಲಕ್ಷಣಗಳನ್ನು ಎಷ್ಟೇ ಓದಿದರೂ ಅವುಗಳಿಂದ ‘ಹೌದು’ ಅಥವಾ ‘ಇಲ್ಲ’ ಎಂಬ ಉತ್ತರ ಸಿಗುವುದಿಲ್ಲ. ಉತ್ತರ ಸಿಗುವುದು ರಕ್ತ ಪರೀಕ್ಷೆಯಿಂದ ಮಾತ್ರ. ಯಾಕೆ? ಯಾವ ಪರೀಕ್ಷೆ? ಎಲ್ಲಿ ಮಾಡಿಸಬೇಕು? ಇಲ್ಲಿದೆ ಮಾಹಿತಿ.

ಆಂಧ್ರದಲ್ಲಿ ಸಮಸ್ಯೆ ಎಷ್ಟು ದೊಡ್ಡದು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ನಡೆಸಿದ ದೇಶವ್ಯಾಪಿ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ 13.6 ಕೋಟಿ ಜನ ಮಧುಮೇಹದ ಅಂಚಿನಲ್ಲಿದ್ದಾರೆ.

2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆಂಧ್ರಪ್ರದೇಶದಲ್ಲಿ 15 ವರ್ಷ ಮೇಲ್ಪಟ್ಟವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ರಕ್ತದಲ್ಲಿ ಸಕ್ಕರೆ ಹೆಚ್ಚಿತ್ತು ಅಥವಾ ಅವರು ಅದಕ್ಕೆ ಔಷಧ ತೆಗೆದುಕೊಳ್ಳುತ್ತಿದ್ದರು. ಸಮೀಕ್ಷೆಯಲ್ಲಿ ಬೆರಳ ತುದಿಯ ರಕ್ತದಿಂದ ಒಂದೇ ಬಾರಿ ನೋಡಿದ ಲೆಕ್ಕ ಇದು. ಹಾಗಾಗಿ ಇದನ್ನು ಮಧುಮೇಹಿಗಳ ಖಚಿತ ಸಂಖ್ಯೆ ಎನ್ನಲಾಗದು. ಆದರೂ ಪರೀಕ್ಷೆ ಮಾಡಿಸಿಕೊಳ್ಳಬೇಕಾದವರು ಎಷ್ಟು ಮಂದಿ ಎಂಬುದರ ಸೂಚನೆ ಇದರಲ್ಲಿದೆ.

ಲಕ್ಷಣ ಇಲ್ಲ ಅಂದರೆ ಶುಗರ್ ಇಲ್ಲ ಅಂತಲಾ?

ಅಲ್ಲವೇ ಅಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು ಮೂರು ಸಂಖ್ಯೆ ನೆನಪಿಟ್ಟರೆ ಸಾಕು: 126, 200 ಮತ್ತು 180.

ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ ಒಂದು ಡೆಸಿಲೀಟರ್‌ಗೆ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಮಧುಮೇಹದ ಮಟ್ಟ. ಗ್ಲುಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದಾಗ ಆ ಮಟ್ಟ 200. ಆದರೆ ಮೂತ್ರಪಿಂಡಗಳು ಸಕ್ಕರೆಯನ್ನು ಮೂತ್ರಕ್ಕೆ ಬಿಡಲು ಆರಂಭಿಸುವುದು ಸಾಮಾನ್ಯವಾಗಿ ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದ ಮೇಲೆ. ಅಲ್ಲಿಯವರೆಗೆ ಅವು ಸಕ್ಕರೆಯನ್ನು ಹಿಡಿದು ವಾಪಸ್ ರಕ್ತಕ್ಕೆ ಸೇರಿಸುತ್ತವೆ.

180 ದಾಟಿದಾಗ ಸಕ್ಕರೆ ತನ್ನ ಜೊತೆ ನೀರನ್ನೂ ಎಳೆದುಕೊಂಡು ಹೊರಹೋಗುತ್ತದೆ. ಆಗ ಪದೇಪದೇ ಮೂತ್ರ, ಅದರಿಂದ ದಾಹ. ತಿಂದ ಅನ್ನದ ಶಕ್ತಿಯೂ ಮೂತ್ರದಲ್ಲೇ ಹೋಗುವುದರಿಂದ ಹಸಿವು, ತೂಕ ಇಳಿಕೆ. ಕಣ್ಣಿನ ಮಸೂರದಲ್ಲಿ ನೀರಿನಂಶ ಏರುಪೇರಾಗಿ ನೋಟ ಮಸುಕಾಗುತ್ತದೆ.

ಅಂದರೆ ಖಾಲಿ ಹೊಟ್ಟೆಯಲ್ಲಿ 140 ಇರುವ ವ್ಯಕ್ತಿಗೆ ಮಧುಮೇಹ ಇದ್ದರೂ ಈ ಯಾವ ಲಕ್ಷಣವೂ ಕಾಣಿಸದೇ ಇರಬಹುದು. ಎರಡನೇ ಬಗೆಯ ಮಧುಮೇಹ ಹೀಗೆ ವರ್ಷಗಟ್ಟಲೆ ಗೊತ್ತಾಗದೆ ಇರುತ್ತದೆ. ಆ ಅವಧಿಯಲ್ಲಿ ಕಣ್ಣು, ಮೂತ್ರಪಿಂಡ, ಕಾಲಿನ ನರಗಳಿಗೆ ಹಾನಿ ಮಾತ್ರ ಸದ್ದಿಲ್ಲದೆ ಆಗುತ್ತಿರುತ್ತದೆ. ಬ್ರಿಟನ್‌ನಲ್ಲಿ 1977ರಲ್ಲಿ ಶುರುವಾದ ಯುಕೆಪಿಡಿಎಸ್ ಎಂಬ ದೊಡ್ಡ ಅಧ್ಯಯನದಲ್ಲಿ, ಹೊಸದಾಗಿ ಮಧುಮೇಹ ಪತ್ತೆಯಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಆಗಲೇ ಇಂಥ ಹಾನಿಯ ಗುರುತುಗಳಿದ್ದವು. ಗಾಜುವಾಕದ ಗೃಹಿಣಿಯಂಥವರು ‘ದಾಹ ಇಲ್ಲವಲ್ಲ’ ಎಂದು ಸುಮ್ಮನಿರಬಾರದು ಎನ್ನುವುದು ಇದೇ ಕಾರಣಕ್ಕೆ.

ಲಕ್ಷಣ ಇದ್ದರೆ ಶುಗರ್ ಇದೆ ಅಂತಲಾ?

ಅದೂ ಅಲ್ಲ. ಸುಸ್ತಿಗೆ ರಕ್ತಹೀನತೆ, ಥೈರಾಯ್ಡ್, ನಿದ್ದೆಗೇಡು ಕಾರಣವಿರಬಹುದು. ಪದೇಪದೇ ಮೂತ್ರಕ್ಕೆ ಸೋಂಕು ಕಾರಣವಿರಬಹುದು, ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರಬಹುದು. ಕಾಲು ಜೋಮು ಹಿಡಿಯುವುದಕ್ಕೆ ವಿಟಮಿನ್ ಬಿ12 ಕೊರತೆಯೂ ಕಾರಣ. ಹೀಗಾಗಿ ಲಕ್ಷಣ ನೋಡಿ ಭಯಪಡುವುದೂ ಬೇಡ, ತಾವೇ ತೀರ್ಮಾನಿಸುವುದೂ ಬೇಡ.

ಬಿಸಿಲಿನ ದಾಹಕ್ಕೂ ಶುಗರ್ ದಾಹಕ್ಕೂ ಒಂದು ವ್ಯತ್ಯಾಸವನ್ನು ಮನೆಯಲ್ಲೇ ಗಮನಿಸಬಹುದು. ಬೆವರು ಸುರಿದು ದಾಹವಾದಾಗ ದೇಹ ನೀರು ಉಳಿಸಿಕೊಳ್ಳುತ್ತದೆ. ಮೂತ್ರ ಕಡಿಮೆಯಾಗಿ, ಗಾಢ ಹಳದಿಯಾಗುತ್ತದೆ. ಸಕ್ಕರೆಯಿಂದ ದಾಹವಾದಾಗ ಇದಕ್ಕೆ ತದ್ವಿರುದ್ಧ. ದಾಹವೂ ಹೆಚ್ಚು, ಮೂತ್ರವೂ ಹೆಚ್ಚು. ರಾತ್ರಿ ತಂಪಾದ ಮೇಲೂ ಅದು ನಿಲ್ಲುವುದಿಲ್ಲ. ಆಟೋನಗರದ ವ್ಯಕ್ತಿ ರಾತ್ರಿ ನಾಲ್ಕು ಬಾರಿ ಏಳುತ್ತಿರುವುದಕ್ಕೆ ಬಿಸಿಲಿನ ಕಾರಣ ಹೊಂದುವುದಿಲ್ಲ. ಮೇಲಾಗಿ ದಾಹಕ್ಕೆಂದು ಕುಡಿಯುವ ಕಬ್ಬಿನ ಹಾಲು, ತಂಪು ಪಾನೀಯ ರಕ್ತದ ಸಕ್ಕರೆಯನ್ನು ಇನ್ನಷ್ಟು ಏರಿಸಿ, ದಾಹವನ್ನೂ ಹೆಚ್ಚಿಸುತ್ತದೆ. ಆದರೂ ಇದು ಸುಳಿವು ಮಾತ್ರ, ಪರೀಕ್ಷೆಗೆ ಬದಲಿಯಲ್ಲ.

ಯಾವ ಪರೀಕ್ಷೆ? ಎಷ್ಟಿದ್ದರೆ ಏನರ್ಥ?

ಖಾಲಿ ಹೊಟ್ಟೆಯ ಪರೀಕ್ಷೆ: ಕನಿಷ್ಠ 8 ಗಂಟೆ ನೀರು ಬಿಟ್ಟು ಬೇರೇನೂ ಸೇವಿಸಿರಬಾರದು. ಕಾಫಿ, ಟೀ ಕೂಡ ಬೇಡ. 100ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ. 100ರಿಂದ 125 ಇದ್ದರೆ ಮಧುಮೇಹದ ಅಂಚು. ವಿಶ್ವ ಆರೋಗ್ಯ ಸಂಸ್ಥೆ ಈ ಅಂಚನ್ನು 110ರಿಂದ ಲೆಕ್ಕ ಹಾಕುತ್ತದೆ. 126 ಮತ್ತು ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹ.

ಗ್ಲುಕೋಸ್ ಕುಡಿಸಿ ಮಾಡುವ ಪರೀಕ್ಷೆ: 75 ಗ್ರಾಂ ಗ್ಲುಕೋಸ್ ನೀರಿನಲ್ಲಿ ಕಲಸಿ ಕುಡಿಸಿ, ಎರಡು ಗಂಟೆ ನಂತರ ರಕ್ತ ತೆಗೆಯುತ್ತಾರೆ. 140ಕ್ಕಿಂತ ಕಡಿಮೆ ಸಾಮಾನ್ಯ, 140ರಿಂದ 199 ಅಂಚು, 200 ಮತ್ತು ಮೇಲೆ ಮಧುಮೇಹ. ಖಾಲಿ ಹೊಟ್ಟೆಯಲ್ಲಿ ಸರಿಯಿದ್ದು ಇದರಲ್ಲಿ ಮಾತ್ರ ಸಿಕ್ಕಿಬೀಳುವವರೂ ಇದ್ದಾರೆ.

ಎಚ್‌ಬಿಎ1ಸಿ: ಸುಮಾರು ಮೂರು ತಿಂಗಳ ಸರಾಸರಿ ತಿಳಿಸುವ ಪರೀಕ್ಷೆ. ಉಪವಾಸ ಬೇಕಿಲ್ಲ. 5.7ಕ್ಕಿಂತ ಕಡಿಮೆ ಸಾಮಾನ್ಯ, 5.7ರಿಂದ 6.4 ಅಂಚು, 6.5 ಮತ್ತು ಮೇಲೆ ಮಧುಮೇಹ.

ಯಾವಾಗಲಾದರೂ ಮಾಡುವ ಪರೀಕ್ಷೆ: ದಾಹ, ಅತಿಮೂತ್ರ, ತೂಕ ಇಳಿಕೆಯಂಥ ಸ್ಪಷ್ಟ ಲಕ್ಷಣಗಳಿದ್ದು, ಯಾವುದೇ ಹೊತ್ತಿನಲ್ಲಿ ನೋಡಿದಾಗಲೂ 200 ಅಥವಾ ಹೆಚ್ಚಿದ್ದರೆ ಅದೊಂದೇ ಸಾಕು. ಲಕ್ಷಣಗಳಿಲ್ಲದಿದ್ದರೆ ಒಂದು ಫಲಿತಾಂಶ ಹೆಚ್ಚು ಬಂದ ಮಾತ್ರಕ್ಕೆ ಮುದ್ರೆ ಒತ್ತುವುದಿಲ್ಲ. ಅದೇ ಪರೀಕ್ಷೆಯನ್ನು ಇನ್ನೊಮ್ಮೆ, ಅಥವಾ ಇನ್ನೊಂದು ಪರೀಕ್ಷೆ ಮಾಡಿ ದೃಢಪಡಿಸಬೇಕು.

ಒಂದು ಮಾತು ಗಮನಿಸಿ. ‘ನಾಳೆ ಟೆಸ್ಟ್ ಇದೆ’ ಎಂದು ಹಿಂದಿನ ಮೂರು ದಿನ ಅನ್ನ, ಸಿಹಿ ಬಿಡಬೇಡಿ. ಎಂದಿನಂತೆ ಊಟ ಮಾಡಿದರೇ ನಿಜವಾದ ಫಲಿತಾಂಶ ಸಿಗುವುದು. ಜ್ವರ, ಸೋಂಕು ಇದ್ದಾಗ ಅಥವಾ ಸ್ಟೀರಾಯ್ಡ್ ಔಷಧ ತೆಗೆದುಕೊಳ್ಳುವಾಗ ಸಕ್ಕರೆ ಏರಬಹುದು. ಅದನ್ನು ವೈದ್ಯರಿಗೆ ಮೊದಲೇ ಹೇಳಿ.

ಎಚ್‌ಬಿಎ1ಸಿ ಎಲ್ಲರಿಗೂ ಸರಿಹೊಂದುತ್ತಾ?

ಇಲ್ಲ. ಈ ಪರೀಕ್ಷೆ ನೋಡುವುದು ಕೆಂಪು ರಕ್ತಕಣಗಳಲ್ಲಿನ ಹಿಮೋಗ್ಲೋಬಿನ್‌ಗೆ ಅಂಟಿದ ಸಕ್ಕರೆಯನ್ನು. ಆ ಕಣಗಳಲ್ಲೇ ತೊಂದರೆ ಇದ್ದರೆ ಲೆಕ್ಕ ತಪ್ಪುತ್ತದೆ. ಕಬ್ಬಿಣಾಂಶ ಕೊರತೆಯ ರಕ್ತಹೀನತೆ ಇದ್ದರೆ ಫಲಿತಾಂಶ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಆಂಧ್ರದ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬೇಕು.

ಸಿಕಲ್ ಸೆಲ್ ಕಾಯಿಲೆ ಇದ್ದವರಲ್ಲಿ ಕೆಂಪು ಕಣಗಳು ಬೇಗ ಸಾಯುವುದರಿಂದ ಫಲಿತಾಂಶ ಕಡಿಮೆ ಬರಬಹುದು. ವಿಶಾಖಪಟ್ಟಣದ ಆಸ್ಪತ್ರೆಗಳಿಗೆ ಬರುವ ಪಾಡೇರು, ಅರಕು ಕಡೆಯ ಬುಡಕಟ್ಟು ಸಮುದಾಯಗಳಲ್ಲಿ ಈ ಕಾಯಿಲೆ ಇದೆ. ಇಂಥವರಿಗೆ ಖಾಲಿ ಹೊಟ್ಟೆಯ ಮತ್ತು ಗ್ಲುಕೋಸ್ ಪರೀಕ್ಷೆಯೇ ನಂಬಿಕೆಗೆ ಅರ್ಹ.

ಮನೆಯ ಗ್ಲುಕೋಮೀಟರ್ ಸಾಕಲ್ಲವೇ?

ಮಧುಮೇಹ ಇದೆಯೆಂದು ಗೊತ್ತಾದವರು ದಿನನಿತ್ಯ ನೋಡಿಕೊಳ್ಳಲು ಅದು ಒಳ್ಳೆಯ ಸಾಧನ. ಆದರೆ ಮಧುಮೇಹ ಇದೆಯೋ ಇಲ್ಲವೋ ಎಂದು ತೀರ್ಮಾನಿಸಲು ತೋಳಿನ ರಕ್ತನಾಳದಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ಮಾಡುವ ಪರೀಕ್ಷೆಯೇ ಬೇಕು.

ಆಂಧ್ರದ ಕರಾವಳಿಯಲ್ಲಿ ಇನ್ನೆರಡು ತೊಡಕುಗಳಿವೆ. ಗ್ಲುಕೋಮೀಟರ್ ಪಟ್ಟಿಗಳನ್ನು ಸಾಮಾನ್ಯವಾಗಿ 30 ಡಿಗ್ರಿ ಒಳಗೆ, ತೇವ ತಾಗದಂತೆ ಇಡಬೇಕು. ವಿಜಯವಾಡದ ಬಿಸಿಲಿನಲ್ಲಿ ನಿಂತ ಬೈಕಿನ ಡಿಕ್ಕಿಯಲ್ಲೋ, ವಿಶಾಖಪಟ್ಟಣದ ತೇವದ ಗಾಳಿಗೆ ಮುಚ್ಚಳ ತೆರೆದೋ ಇಟ್ಟರೆ ಪಟ್ಟಿಗಳು ಕೆಡುತ್ತವೆ. ಇನ್ನು ಮಾವಿನ ಕಾಲ. ನೂಜಿವೀಡು ಮಾವಿನ ಹಣ್ಣು ಹೆಚ್ಚಿದ ಕೈಯನ್ನು ತೊಳೆಯದೆ ಬೆರಳು ಚುಚ್ಚಿದರೆ ಚರ್ಮದ ಮೇಲಿನ ಹಣ್ಣಿನ ಸಕ್ಕರೆಯೇ ರಕ್ತದ ಜೊತೆ ಸೇರಿ ಸುಳ್ಳು ಸಂಖ್ಯೆ ಬರಬಹುದು. ಸೋಪು ಹಚ್ಚಿ ಕೈ ತೊಳೆದು, ಒರೆಸಿಕೊಂಡ ಮೇಲೆ ನೋಡಬೇಕು.

ಎಲ್ಲಿ ಹೋಗಬೇಕು?

ಮೊದಲ ಪರೀಕ್ಷೆಗೆ ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ 30 ವರ್ಷ ಮೇಲ್ಪಟ್ಟವರಿಗೆ ಶುಗರ್, ಬಿಪಿ ತಪಾಸಣೆ ಉಚಿತ. ಎರಡೂ ನಗರಗಳಲ್ಲಿ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ. ಆಶಾ ಕಾರ್ಯಕರ್ತೆ ಅಥವಾ ಎಎನ್‌ಎಂ ಮನೆಗೆ ಬಂದಾಗ ‘ನಾವು ಕರ್ನಾಟಕದವರು, ನಮಗೆ ಅನ್ವಯಿಸಲ್ಲ’ ಎಂದು ಬಾಗಿಲಲ್ಲೇ ಕಳುಹಿಸಬೇಡಿ. ಅದು ರಾಷ್ಟ್ರೀಯ ಕಾರ್ಯಕ್ರಮ.

ಅಲ್ಲಿ ಹೆಚ್ಚು ಬಂದರೆ ಮುಂದಿನ ಹಂತ. ವಿಶಾಖಪಟ್ಟಣದಲ್ಲಿ 1923ರಲ್ಲಿ ಆರಂಭವಾದ, ಆಂಧ್ರ ವೈದ್ಯಕೀಯ ಕಾಲೇಜಿಗೆ ಸೇರಿದ ಕಿಂಗ್ ಜಾರ್ಜ್ ಆಸ್ಪತ್ರೆ ಇದೆ. ಜನ ಅದನ್ನು ಕೆಜಿಎಚ್ ಎಂದೇ ಕರೆಯುತ್ತಾರೆ. ಉಕ್ಕು ಕಾರ್ಖಾನೆ ನೌಕರರಿಗೆ ವಿಶಾಖ ಸ್ಟೀಲ್ ಜನರಲ್ ಆಸ್ಪತ್ರೆ, ನೌಕಾಪಡೆಯ ಕುಟುಂಬಗಳಿಗೆ ಐಎನ್‌ಎಚ್‌ಎಸ್ ಕಲ್ಯಾಣಿ ಇವೆ. ವಿಜಯವಾಡದಲ್ಲಿ ಸಿದ್ಧಾರ್ಥ ವೈದ್ಯಕೀಯ ಕಾಲೇಜಿನ ಸರ್ಕಾರಿ ಆಸ್ಪತ್ರೆ ಇದೆ. ಕೃಷ್ಣಾ ನದಿ ದಾಟಿದರೆ ಮಂಗಳಗಿರಿಯ ಏಮ್ಸ್ ಸಿಗುತ್ತದೆ. ಇಎಸ್‌ಐ ಕಾರ್ಡ್ ಇರುವ ಕಾರ್ಮಿಕರು ತಮ್ಮ ಇಎಸ್‌ಐ ಔಷಧಾಲಯದಿಂದಲೇ ಶುರು ಮಾಡಬಹುದು.

ತೆಲುಗು ಬರದಿದ್ದರೆ?

ಭಾಷೆ ಬರುವುದಿಲ್ಲ ಎಂಬ ಹಿಂಜರಿಕೆಯಿಂದ ಊರಿಗೆ ಹೋದಾಗ ನೋಡಿಸೋಣ ಎಂದು ಮುಂದೂಡುವವರು ಬಹಳ. ಕೆಲವು ಮಾತು ಕಲಿತರೆ ಸಾಕು. ತುಂಬಾ ದಾಹವಾಗುತ್ತಿದೆ ಎನ್ನಲು ‘ದಾಹಂ ಎಕ್ಕುವಗಾ ವೇಸ್ತುಂದಿ’. ರಾತ್ರಿ ಮೂತ್ರಕ್ಕೆ ಹಲವು ಬಾರಿ ಏಳುತ್ತೇನೆ ಎನ್ನಲು ‘ರಾತ್ರಿ ಮೂತ್ರಾನಿಕಿ ಚಾಲಾ ಸಾರ್ಲು ಲೇಸ್ತುನ್ನಾನು’. ಗಾಯ ಮಾಯುತ್ತಿಲ್ಲ ಎನ್ನಲು ‘ಪುಂಡು ಮಾನಡಂ ಲೇದು’. ಕಾಲು ಜೋಮು ಹಿಡಿಯುವುದಕ್ಕೆ ‘ತಿಮ್ಮಿರ್ಲು’ ಎನ್ನುತ್ತಾರೆ.

ವೈದ್ಯರು ‘ನೀರಸಂಗಾ ಉಂದಾ?’ ಎಂದು ಕೇಳಿದರೆ ನಿಶ್ಶಕ್ತಿ ಇದೆಯಾ ಎಂದರ್ಥ, ಕನ್ನಡದ ನೀರಸ ಅಲ್ಲ. ಲ್ಯಾಬ್‌ನಲ್ಲಿ ‘ಪರಗಡುಪುನ ರಂಡಿ’ ಎಂದರೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು. ‘ಭೋಜನಂ ತರ್ವಾತ’ ಎಂದರೆ ಊಟದ ನಂತರ. ಶುಗರ್‌ಗೆ ಅಲ್ಲಿಯೂ ಶುಗರ್ ಎಂದೇ ಹೆಸರು.

ವೈದ್ಯರ ಬಳಿ ಹೋಗುವ ಮುನ್ನ ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಳ್ಳಿ: ಲಕ್ಷಣ ಯಾವಾಗಿನಿಂದ, ತೂಕ ಎಷ್ಟು ಇಳಿದಿದೆ, ತಂದೆ ತಾಯಿಗೆ ಶುಗರ್ ಇದೆಯಾ, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಗಳು. ಮಹಿಳೆಯರಾದರೆ ಬಸುರಿಯಾಗಿದ್ದಾಗ ಶುಗರ್ ಇತ್ತಾ ಎಂಬುದನ್ನು ತಪ್ಪದೆ ಹೇಳಬೇಕು. ಆಗ ಶುಗರ್ ಇದ್ದವರಿಗೆ ಮುಂದೆ ಮಧುಮೇಹ ಬರುವ ಸಾಧ್ಯತೆ ಹೆಚ್ಚು. ಹೆರಿಗೆಯಾದ ಆರು ವಾರಕ್ಕೆ ಒಮ್ಮೆ, ನಂತರವೂ ನಿಯಮಿತವಾಗಿ ಪರೀಕ್ಷೆ ಮಾಡಿಸಬೇಕು. ಗಾಜುವಾಕದ ಗೃಹಿಣಿ ತಪ್ಪಿಸಿಕೊಂಡಿದ್ದು ಇದನ್ನೇ.

ಮನೆಯಲ್ಲೇ ಅಪಾಯ ಲೆಕ್ಕ ಹಾಕಬಹುದಾ?

ಹಾಕಬಹುದು. ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ರೂಪಿಸಿದ ಭಾರತೀಯರ ಮಧುಮೇಹ ಅಪಾಯದ ಅಂಕಪಟ್ಟಿಗೆ ಅಳತೆ ಟೇಪ್ ಒಂದಿದ್ದರೆ ಸಾಕು. ವಯಸ್ಸು, ಸೊಂಟದ ಸುತ್ತಳತೆ, ದೈಹಿಕ ಶ್ರಮ, ತಂದೆ ತಾಯಿಯ ಕಾಯಿಲೆ ಈ ನಾಲ್ಕಕ್ಕೆ ಅಂಕ. ಒಟ್ಟು 60 ಅಥವಾ ಹೆಚ್ಚು ಬಂದರೆ ಅಪಾಯ ಹೆಚ್ಚು.

ಆಟೋನಗರದ ವ್ಯಕ್ತಿಯ ಲೆಕ್ಕ ನೋಡಿ. ವಯಸ್ಸು 35ರಿಂದ 49ರೊಳಗೆ: 20 ಅಂಕ. ಸೊಂಟ 96 ಸೆಂ.ಮೀ., ಗಂಡಸರಿಗೆ 90ರಿಂದ 99ರವರೆಗೆ 10 ಅಂಕ. ವ್ಯಾಯಾಮವಿಲ್ಲ, ಕೂತು ಮಾಡುವ ಕೆಲಸ: 30. ತಂದೆಗೆ ಶುಗರ್ ಇತ್ತು ಎಂದುಕೊಂಡರೆ 10. ಒಟ್ಟು 70. ಇದೂ ಮಧುಮೇಹ ಇದೆ ಎಂಬ ತೀರ್ಪಲ್ಲ, ಪರೀಕ್ಷೆಯನ್ನು ಮುಂದೂಡಬಾರದು ಎಂಬ ಎಚ್ಚರಿಕೆ.

ಯಾವಾಗ ಕಾಯಲೇಬಾರದು?

ದಾಹ, ಅತಿಮೂತ್ರದ ಜೊತೆಗೆ ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರಾಟ, ಬಾಯಲ್ಲಿ ಹಣ್ಣಿನಂಥ ವಾಸನೆ, ಮಂಪರು ಕಾಣಿಸಿದರೆ ಅದು ತುರ್ತು ಸ್ಥಿತಿ. ರಕ್ತದಲ್ಲಿ ಆಮ್ಲ ತುಂಬಿರುವ ಸೂಚನೆ ಅದು. 108ಕ್ಕೆ ಕರೆ ಮಾಡಿ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮಕ್ಕಳಲ್ಲಿ ಇದು ಕೆಲವೇ ದಿನ, ವಾರಗಳಲ್ಲಿ ಬರಬಹುದು. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಒದ್ದೆ ಮಾಡುತ್ತಿದ್ದರೆ, ತೆಳ್ಳಗಾಗುತ್ತಿದ್ದರೆ ಅದೇ ದಿನ ಶುಗರ್ ನೋಡಿಸಿ. ‘ಸಣ್ಣ ಮಕ್ಕಳಿಗೆಲ್ಲಾ ಶುಗರ್ ಬರುತ್ತಾ’ ಎಂಬ ಮಾತೇ ಇಲ್ಲಿ ಅಪಾಯಕಾರಿ.

ಫಲಿತಾಂಶ ಬಂದ ಮೇಲೆ ಏನು?

ಸಾಮಾನ್ಯ ಎಂದು ಬಂದರೆ ಲಕ್ಷಣಗಳಿಗೆ ಬೇರೆ ಕಾರಣ ಹುಡುಕಬೇಕು, ಅಲ್ಲಿಗೇ ಬಿಡಬಾರದು. ಮೂರು ವರ್ಷದೊಳಗೆ ಮತ್ತೊಮ್ಮೆ ನೋಡಿಸಿಕೊಳ್ಳಬೇಕು. ಅಂಚಿನಲ್ಲಿದೆ ಎಂದು ಬಂದರೆ ವರ್ಷಕ್ಕೊಮ್ಮೆ. ಅಂಚಿನಲ್ಲಿರುವವರೆಲ್ಲ ಮಧುಮೇಹಿಗಳಾಗಲೇಬೇಕೆಂದಿಲ್ಲ. ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ, ನಡಿಗೆ ಮತ್ತು ಊಟದ ಬದಲಾವಣೆಯಿಂದಲೇ ಅಪಾಯ ಶೇ. 28.5ರಷ್ಟು ಇಳಿದಿತ್ತು.

ಮಧುಮೇಹ ಎಂದೇ ಬಂದರೆ ಕಣ್ಣು, ಮೂತ್ರಪಿಂಡ, ಪಾದಗಳ ತಪಾಸಣೆ ಆಗಲೇ ಆಗಬೇಕು. ಒಂದು ತಪ್ಪು ಮಾತ್ರ ಮಾಡಲೇಬೇಡಿ. ಮನೆಯಲ್ಲಿ ಅಪ್ಪನದೋ ಅತ್ತೆಯದೋ ಶುಗರ್ ಮಾತ್ರೆ ಇದೆ ಎಂದು ಪರೀಕ್ಷೆಗೂ ಮೊದಲು ನುಂಗಬೇಡಿ. ಕೆಲವು ಮಾತ್ರೆಗಳು ಸಕ್ಕರೆಯನ್ನು ಒಮ್ಮೆಲೇ ಇಳಿಸಿ ಪ್ರಜ್ಞೆ ತಪ್ಪಿಸಬಲ್ಲವು.

ಪರೀಕ್ಷೆ ಮಾಡಿಸಿಕೊಳ್ಳದಿದ್ದರೆ ಕಾಯಿಲೆ ಬರುವುದಿಲ್ಲ ಎಂದೇನಿಲ್ಲ. ಬಂದಿದ್ದು ಗೊತ್ತಾಗುವುದಿಲ್ಲ ಅಷ್ಟೇ. ಆಟೋನಗರದ ವ್ಯಕ್ತಿಗೂ ಗಾಜುವಾಕದ ಗೃಹಿಣಿಗೂ ಬೇಕಿರುವುದು ಒಂದು ಬೆಳಗ್ಗೆ, ಖಾಲಿ ಹೊಟ್ಟೆ ಮತ್ತು ಹತ್ತಿರದ ಆರೋಗ್ಯ ಕೇಂದ್ರದ ವಿಳಾಸ.